ಕುದುರೆ ಸವಾರರಲ್ಲಿ ಮುಂಡದ ಸ್ನಾಯು ನಿಯಂತ್ರಣ

ಕುದುರೆ ಸವಾರರಲ್ಲಿ ಮುಂಡದ ಸ್ನಾಯು ನಿಯಂತ್ರಣವೆಂದರೆ, ಚಲಿಸುವ ಕುದುರೆಯ ಮೇಲೆ ಹೊಟ್ಟೆ, ಬೆನ್ನು ಮತ್ತು ಸೊಂಟದ ಸ್ನಾಯುಗಳು ಬೆನ್ನೆಲುಬನ್ನು ಹತೋಟಿಯಲ್ಲಿಡುವ ಸಾಮರ್ಥ್ಯ. ಹೊಟ್ಟೆಯ ಒಳಪದರದ ಅಡ್ಡಸ್ನಾಯು, ಕಶೇರುಗಳಿಗೆ ಅಂಟಿಕೊಂಡಿರುವ ಮಲ್ಟಿಫಿಡಸ್, ವಪೆ ಹಾಗೂ ಶ್ರೋಣಿಯ ತಳದ ಸ್ನಾಯುಗಳು ಇದರಲ್ಲಿ ಮುಖ್ಯವಾದವು.

ಟ್ರಾಟ್ ಎಂಬ ಎರಡು ತಾಳದ ಓಟದಲ್ಲಿ ಕುದುರೆಯ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ನೆಲ ಮುಟ್ಟುವುದರಿಂದ ಪ್ರತಿ ಹೆಜ್ಜೆಗೂ ಸವಾರನಿಗೆ ಕೆಳಗಿನಿಂದ ಹೊಡೆತ ಬರುತ್ತದೆ. ಜೀನಿನಲ್ಲಿ ಕುಳಿತೇ ಇರುವವನು ಅದನ್ನು ಶ್ರೋಣಿ ಮತ್ತು ಕೆಳಬೆನ್ನಿನ ಚಲನೆಯಿಂದ ತಗ್ಗಿಸಬೇಕು. ಮೈ ಬಿಗಿಹಿಡಿದರೆ ಹೊಡೆತ ನೇರವಾಗಿ ಬೆನ್ನಿಗೆ ತಲುಪುತ್ತದೆ. ಪೂರ್ತಿ ಸಡಿಲಬಿಟ್ಟರೆ ದೇಹ ಕುದುರೆಯ ಚಲನೆಗಿಂತ ಹಿಂದೆ ಬೀಳುತ್ತದೆ. ಬಲಕ್ಕಿಂತ, ಸ್ನಾಯುಗಳು ಸಕಾಲದಲ್ಲಿ ಬಿಗಿದು ಸಡಿಲುವುದೇ ಇಲ್ಲಿ ಮುಖ್ಯ. ಬೆಂಗಳೂರು, ಮೈಸೂರು ರೇಸುಗಳ ಜಾಕಿಗಳದು ಬೇರೆ ಭಂಗಿ: ಗಿಡ್ಡ ರಿಕಾಬುಗಳ ಮೇಲೆ ನಿಂತು ಮುಂದಕ್ಕೆ ಬಾಗುವುದರಿಂದ ಹೊಡೆತವನ್ನು ಕಾಲುಗಳು ಹೀರುತ್ತವೆ, ಆದರೆ ಬೆನ್ನಿನ ಸ್ನಾಯುಗಳಿಗೆ ಬಿಡುವಿಲ್ಲ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್‌ನಲ್ಲಿ ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಮೂರೂ ಇರುವುದರಿಂದ, ಕುಳಿತ ಭಂಗಿಯೂ ಎದ್ದ ಭಂಗಿಯೂ ಒಬ್ಬನಿಗೇ ಬೇಕಾಗುತ್ತವೆ.

ಸವಾರರಲ್ಲಿ ಸೊಂಟನೋವು ಸಾಮಾನ್ಯ. ಜರ್ಮನಿಯಲ್ಲಿ 58 ಉನ್ನತ ಮಟ್ಟದ ಸವಾರರ ಎಂಆರ್‌ಐ ಪರೀಕ್ಷೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸವಾರರಲ್ಲದವರಿಗಿಂತ ನೋವು ಬಹಳ ಹೆಚ್ಚಾಗಿ ಕಂಡರೂ ಡಿಸ್ಕ್ ಸವೆತ ಹೆಚ್ಚಿರಲಿಲ್ಲ. ಆದ್ದರಿಂದ ಪ್ರತಿಯೊಂದು ನೋವನ್ನೂ ಸವೆತವೆಂದೇ ಎಣಿಸುವುದು ಸರಿಯಲ್ಲ. ಲಾಯದಲ್ಲಿ ಬಗ್ಗಿ ಮಾಡುವ ಕೆಲಸ, ಜೀನು ಎತ್ತುವ ಭಾರ ಇವೂ ಲೆಕ್ಕಕ್ಕೆ ಬರಬೇಕು. ಕುದುರೆಯಿಂದ ಬಿದ್ದ ಬಳಿಕ ಕಾಲಿನಲ್ಲಿ ಜೋಮು, ಬಲಹೀನತೆ ಅಥವಾ ಮೂತ್ರದ ಹತೋಟಿ ತಪ್ಪುವುದು ಕಂಡುಬಂದರೆ ವ್ಯಾಯಾಮವಲ್ಲ, ತುರ್ತು ಚಿಕಿತ್ಸೆ ಅಗತ್ಯ.