ಜೇನಿಗೂ ಒಂದು ಕಷಾಯ

ಮಗುವಿಗೆ ಹೊಟ್ಟೆ ಕೆಟ್ಟರೆ ಅಜ್ಜಿ ಮಾಚಿಕಾಯಿ ತೇಯುತ್ತಾಳೆ, ದಾಳಿಂಬೆಯ ಮೊರೆ ಹೋಗುತ್ತಾಳೆ, ಇಲ್ಲವೇ ಓಮದ ನೀರು ಕುಡಿಸುತ್ತಾಳೆ. ಈ ಮೂರಕ್ಕೂ ಜೇನುನೊಣಗಳ ಔಷಧದ ಚರಿತ್ರೆಯಲ್ಲಿ ಜಾಗವಿದೆ ಎಂದರೆ ಯಾರಿಗಾದರೂ ಆಶ್ಚರ್ಯವಾದೀತು. ಮೊದಲ ಎರಡನ್ನು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ನೊಣಗಳಿಗೆ ಹೇಳಿದ್ದರು. ಓಮದ ಸತ್ವವನ್ನಂತೂ ಇಂದಿಗೂ ಹಲವು ದೇಶಗಳ ಜೇನು ಸಾಕಣೆದಾರರು ಸಕ್ಕರೆ ಪಾಕಕ್ಕೆ ಬೆರೆಸಿ ಉಣಿಸುತ್ತಿದ್ದಾರೆ.

ತನ್ನ ಊಟವನ್ನು ತಾನೇ ಕೂಡಿಡುವ ಜೀವಿಗೆ ಮನುಷ್ಯ ಏಕೆ ಉಣಿಸಬೇಕು? ಉತ್ತರ ಸರಳ. ಕೂಡಿಟ್ಟದ್ದನ್ನು ಕಿತ್ತುಕೊಳ್ಳುವವನು ಅವನೇ. ಯುರೋಪಿನಲ್ಲಿ ಚಳಿಗಾಲ, ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ನೊಣಗಳ ಪಾಲಿಗೆ ಬರಗಾಲ. ಹೂವಿದ್ದರೂ ಮಕರಂದ ತೊಳೆದು ಹೋಗಿರುತ್ತದೆ. ಜಡಿಮಳೆಯಲ್ಲಿ ಹೊರಗೆ ಹಾರುವಂತೆಯೂ ಇಲ್ಲ. ಆಗ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡದಿದ್ದರೆ ಕುಟುಂಬ ಸೊರಗುತ್ತದೆ, ಇಲ್ಲವೇ ಗೂಡು ಬಿಟ್ಟು ಹಾರಿಹೋಗುತ್ತದೆ. ಹೇಗೂ ಉಣಿಸುತ್ತಿದ್ದೇವೆ, ಅದರ ಜೊತೆಗೆ ಒಂದಿಷ್ಟು ಮದ್ದನ್ನೂ ಸೇರಿಸಿದರೆ ಹೇಗೆ ಎಂಬ ಯೋಚನೆ ಸಾಕಣೆಯಷ್ಟೇ ಹಳೆಯದು.

ರೋಮಿನ ವಿದ್ವಾಂಸ ವಾರೋ ಕ್ರಿ.ಪೂ. 37ರಲ್ಲಿ ಬರೆದ ಕೃಷಿ ಗ್ರಂಥದಲ್ಲಿ ಬರಗಾಲದ ಊಟದ ವಿವರವಿದೆ. ಅಂಜೂರವನ್ನು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ ಗೂಡಿನ ಹತ್ತಿರ ಇಡಬೇಕು. ಜೇನು ಬೆರೆಸಿದ ನೀರನ್ನು ಚಿಕ್ಕ ಪಾತ್ರೆಯಲ್ಲಿಟ್ಟು ಅದರೊಳಗೆ ಶುಭ್ರವಾದ ಉಣ್ಣೆ ಹಾಕಬೇಕು. ನೊಣ ಉಣ್ಣೆಯ ಮೇಲೆ ಕುಳಿತು ಹೀರುತ್ತದೆ, ಮುಳುಗಿ ಸಾಯುವುದಿಲ್ಲ. ಇಂದು ಪಾಕದ ತಟ್ಟೆಯಲ್ಲಿ ಕಡ್ಡಿಯನ್ನೋ ಒಣಹುಲ್ಲನ್ನೋ ಹಾಕುವವರು ಮಾಡುವುದೂ ಇದನ್ನೇ.

ಅದೇ ವಾರೋ ಇಬ್ಬರು ಸಹೋದರರ ಕಥೆಯನ್ನೂ ಹೇಳುತ್ತಾನೆ. ಅವರು ಸೈನ್ಯದಲ್ಲಿದ್ದವರು. ತಂದೆಯಿಂದ ಬಂದದ್ದು ಒಂದು ಚಿಕ್ಕ ಮನೆ ಮತ್ತು ನಮ್ಮ ಲೆಕ್ಕದಲ್ಲಿ ಮುಕ್ಕಾಲು ಎಕರೆಗೂ ಕಡಿಮೆ ಜಮೀನು. ಮನೆಯ ಸುತ್ತ ಗೂಡುಗಳನ್ನಿಟ್ಟು, ಉಳಿದ ನೆಲದಲ್ಲಿ ಥೈಮ್ ಮೊದಲಾದ ಸುಗಂಧದ ಗಿಡಗಳನ್ನು ನೆಟ್ಟರು. ವರ್ಷಕ್ಕೆ ಹತ್ತು ಸಾವಿರ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದ ಆದಾಯ ಬರುತ್ತಿತ್ತಂತೆ. ಬೆಲೆ ಬರುವವರೆಗೆ ಕಾದು ಮಾರುತ್ತಿದ್ದರು ಎಂಬ ಮಾತನ್ನೂ ವಾರೋ ಸೇರಿಸಿದ್ದಾನೆ. ಮದ್ದಿನ ಗಿಡವನ್ನು ಪಾಕಕ್ಕೆ ಹಾಕುವ ಬದಲು ಬೇಲಿಯ ಒಳಗೇ ಬೆಳೆಸಿದವರು ಇವರು.

ರೋಗ ಬಂದ ಮೇಲಿನ ಚಿಕಿತ್ಸೆಯನ್ನು ವಿಸ್ತಾರವಾಗಿ ಹೇಳಿದವನು ಕವಿ ವರ್ಜಿಲ್. ಕ್ರಿ.ಪೂ. 29ರ ಹೊತ್ತಿಗೆ ಮುಗಿಸಿದ ‘ಜಾರ್ಜಿಕ್ಸ್’ ಕಾವ್ಯದ ನಾಲ್ಕನೆಯ ಭಾಗ ಪೂರ್ತಿ ಜೇನಿಗೇ ಮೀಸಲು. ಕಾಯಿಲೆ ಬಿದ್ದ ನೊಣಗಳ ಬಣ್ಣ ಬದಲಾಗುತ್ತದೆ, ಮೈ ಬಡಕಲಾಗುತ್ತದೆ, ಒಳಗಿದ್ದವು ಸತ್ತವುಗಳನ್ನು ಹೊರಗೆ ಸಾಗಿಸುತ್ತವೆ ಎಂದು ಲಕ್ಷಣ ಹೇಳಿ, ಆಮೇಲೆ ಅವನು ಔಷಧಕ್ಕೆ ಬರುತ್ತಾನೆ. ಗಾಲ್ಬಾನಮ್ ಎಂಬ ಅಂಟಿನ ಧೂಪ ಹಾಕಬೇಕು. ಇದು ನಮ್ಮ ಇಂಗು ಕೊಡುವ ಗಿಡದ ಕುಲಕ್ಕೇ ಸೇರಿದ್ದು. ಲಾಳದ ಕಡ್ಡಿಯ ಕೊಳವೆಗಳಲ್ಲಿ ಜೇನು ತುಂಬಿ ಕೊಡಬೇಕು. ಅದಕ್ಕೆ ಕುಟ್ಟಿದ ಓಕ್ ಗಂಟು, ಒಣಗಿದ ಗುಲಾಬಿ, ಕುದಿಸಿ ಗಟ್ಟಿ ಮಾಡಿದ ದ್ರಾಕ್ಷಿರಸ, ಥೈಮ್, ಕಟುವಾಸನೆಯ ಸೆಂಟಾರಿ ಸೊಪ್ಪು ಸೇರಿಸಬೇಕು. ಅಮೆಲ್ಲಸ್ ಎಂಬ ನೀಲಿ ಹೂವಿನ ಗಿಡದ ಬೇರನ್ನು ದ್ರಾಕ್ಷಾರಸದಲ್ಲಿ ಬೇಯಿಸಿ ಬುಟ್ಟಿಯಲ್ಲಿ ಗೂಡಿನ ಬಾಗಿಲಿಗಿಡಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿಯೂ ಓಕ್ ಜಾತಿಯ ಮರದ ಗಂಟೇ.

ಸುಮಾರು ಒಂದು ಶತಮಾನದ ಅನಂತರ, ಸ್ಪೇನಿನಲ್ಲಿ ಹುಟ್ಟಿದ ಕೊಲುಮೆಲ್ಲಾ ಇನ್ನಷ್ಟು ವ್ಯವಹಾರಸ್ಥನಂತೆ ಬರೆದ. ವಸಂತದ ಆರಂಭದಲ್ಲಿ ಕಳ್ಳಿಜಾತಿಯ ಹೂಗಳನ್ನು ಹಸಿದ ನೊಣಗಳು ಮುಕ್ಕಿ ಭೇದಿಗೆ ತುತ್ತಾಗುತ್ತವೆ ಎಂಬುದು ಅವನ ಅಭಿಪ್ರಾಯ. ದಾಳಿಂಬೆ ಕಾಳನ್ನು ಅರೆದು ದ್ರಾಕ್ಷಾರಸದಲ್ಲಿ ಕೊಡುವುದು, ಇಲ್ಲವೇ ರೋಸ್‌ಮೇರಿ ಸೊಪ್ಪನ್ನು ಜೇನುನೀರಿನಲ್ಲಿ ಕುದಿಸಿ ಆರಿಸಿ ಹೆಂಚಿನ ಮೇಲೆ ಹುಯ್ದಿಡುವುದು ಅವನ ಸಲಹೆ. ಗೋಮೂತ್ರವನ್ನೋ ಮನುಷ್ಯರ ಮೂತ್ರವನ್ನೋ ಗೂಡಿನ ಹತ್ತಿರ ಇಟ್ಟರೂ ಗುಣವಾಗುತ್ತದೆ ಎಂದು ಹಿಂದಿನವನೊಬ್ಬ ಹೇಳಿದ್ದನ್ನೂ ದಾಖಲಿಸಿದ್ದಾನೆ. ಚಳಿಗಾಲದಲ್ಲಿ ಸತ್ತ ಸಣ್ಣ ಹಕ್ಕಿಗಳನ್ನು ಕರುಳು ತೆಗೆದು ಗೂಡಿನೊಳಗೆ ಇಡುವ ಪದ್ಧತಿಯೂ ಅವನ ಪುಸ್ತಕದಲ್ಲಿದೆ! ಗರಿಗಳ ನಡುವೆ ನೊಣಗಳು ಬೆಚ್ಚಗಿರುತ್ತವೆ ಎಂಬುದು ಅದರ ಸಮರ್ಥನೆ.

ಈ ಪಟ್ಟಿಯನ್ನು ನಗೆಯಾಡಿ ಬಿಟ್ಟುಬಿಡುವಂತಿಲ್ಲ. ಮಾಚಿಕಾಯಿ, ದಾಳಿಂಬೆ ಎರಡೂ ಒಗರು; ಮನುಷ್ಯನ ಭೇದಿಗೆ ಒಗರು ಕೊಡುವ ತರ್ಕವನ್ನೇ ರೋಮನ್ನರು ನೊಣಕ್ಕೂ ಅನ್ವಯಿಸಿದ್ದರು. ತರ್ಕ ಒಳ್ಳೆಯದೇ. ಆದರೆ ನೊಣಗಳ ಭೇದಿಗೆ ಒಂದೇ ಕಾರಣವಿಲ್ಲ. ಅವುಗಳ ಕರುಳಿನಲ್ಲಿ ಬೆಳೆಯುವ ನೊಸೆಮಾ ಎಂಬ ಸೂಕ್ಷ್ಮ ಪರಾವಲಂಬಿಯನ್ನು ಜರ್ಮನಿಯ ಎನೋಕ್ ಜಾಂಡರ್ ಗುರುತಿಸಿ ಹೆಸರಿಟ್ಟದ್ದು 1909ರಲ್ಲಿ. ಅಲ್ಲಿಯವರೆಗೆ ಮದ್ದು ಕೊಟ್ಟವರೆಲ್ಲ ಕತ್ತಲಲ್ಲಿ ಕಲ್ಲು ಎಸೆದವರೇ.

ಕತ್ತಲಲ್ಲಿ ಕಲ್ಲೆಸೆಯುವುದು ಎಂಥ ಉದ್ಯಮವಾಗಬಲ್ಲದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. 20ನೇ ಶತಮಾನದ ಮೊದಲ ದಶಕದಲ್ಲಿ ಅದರ ದಕ್ಷಿಣದ ಐಲ್ ಆಫ್ ವೈಟ್ ದ್ವೀಪದಲ್ಲಿ ನೊಣಗಳು ಹಾರಲಾರದೆ ನೆಲದ ಮೇಲೆ ತೆವಳಿ ಸಾಯತೊಡಗಿದವು. ಸಾವು ದೇಶವನ್ನೆಲ್ಲ ಹಬ್ಬಿತು. ಪಾಕಕ್ಕೆ ಬೆರೆಸುವ ಬಗೆಬಗೆಯ ಮದ್ದುಗಳು ಮಾರುಕಟ್ಟೆಗೆ ಬಂದವು; ಗುಣವಾಯಿತು ಎನ್ನುವವರಿಗೂ ಕೊರತೆಯಿರಲಿಲ್ಲ. 1920ರ ಸುಮಾರಿಗೆ ಆಬರ್ಡೀನ್‌ನಲ್ಲಿ ಜಾನ್ ರೆನಿ ಮತ್ತು ಸಂಗಡಿಗರು ನೊಣಗಳ ಶ್ವಾಸನಾಳದಲ್ಲಿ ವಾಸಿಸುವ ನುಸಿಯನ್ನು ಪತ್ತೆ ಮಾಡಿದರು. 1960ರ ದಶಕದಲ್ಲಿ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಲೆಸ್ಲಿ ಬೈಲಿ, ಆ ಎಲ್ಲ ಸಾವನ್ನೂ ನುಸಿಯ ತಲೆಗೆ ಕಟ್ಟುವುದು ಸರಿಯಲ್ಲ ಎಂದು ವಾದಿಸಿದರು. ರೋಗ ತಾನಾಗಿ ಇಳಿಯುವ ಹೊತ್ತಿಗೆ ಯಾರು ಯಾವ ಮದ್ದು ಹಾಕಿದ್ದರೋ ಅದಕ್ಕೆ ಕೀರ್ತಿ ಬಂದಿತ್ತು.

ಇಷ್ಟರಲ್ಲಿ ಸಕ್ಕರೆ ಅಗ್ಗವಾಗಿತ್ತು. ಅಂಜೂರ, ದ್ರಾಕ್ಷಿಗಳ ಜಾಗಕ್ಕೆ ಪಾಕ ಬಂತು. ಪಾಕಕ್ಕೆ ಇನ್ನೊಂದು ತೊಂದರೆ, ಬೂಷ್ಟು. ನಿಂಬೆರಸ, ವಿನಿಗರ್, ಟಾರ್ಟಾರಿಕ್ ಆಮ್ಲ ಹಾಕಿ ಕುದಿಸುವ ರೂಢಿ ಬಹಳ ಕಾಲ ಇತ್ತು. ಆಮ್ಲದಲ್ಲಿ ಕುದಿದ ಸಕ್ಕರೆ ನೊಣಗಳಿಗೆ ವಿಷವಾಗುತ್ತದೆ ಎಂದು 1960-70ರ ದಶಕಗಳ ಪ್ರಯೋಗಗಳು ತೋರಿಸಿದವು. ನಮ್ಮಲ್ಲಿ ಸಕ್ಕರೆಗಿಂತ ಬೆಲ್ಲ ಶ್ರೇಷ್ಠ ಎನ್ನುವ ನಂಬಿಕೆಯಿದೆ. ನೊಣದ ವಿಷಯದಲ್ಲಿ ಇದು ತಲೆಕೆಳಗು. ಬೆಲ್ಲದಲ್ಲಿರುವ ಖನಿಜಾಂಶ ಅದಕ್ಕೆ ಜೀರ್ಣವಾಗದೆ ಭೇದಿ ತರುತ್ತದೆ. ಇತ್ತ 1923ರಲ್ಲಿ ಸ್ವಿಟ್ಜರ್‌ಲೆಂಡಿನ ಡಾರ್ನಾಕ್‌ನಲ್ಲಿ ಕಾರ್ಮಿಕರಿಗೆ ಜೇನಿನ ಬಗ್ಗೆ ಉಪನ್ಯಾಸ ಕೊಟ್ಟ ತತ್ತ್ವಚಿಂತಕ ರುಡಾಲ್ಫ್ ಸ್ಟೈನರ್, ಪಾಕಕ್ಕೆ ಕ್ಯಾಮೊಮೈಲ್ ಹೂವಿನ ಕಷಾಯ ಮತ್ತು ಚಿಟಿಕೆ ಉಪ್ಪು ಸೇರಿಸಲು ಹೇಳಿದರು. ಅವರ ಅನುಯಾಯಿಗಳು ಇಂದಿಗೂ ಹಾಗೆ ಮಾಡುತ್ತಾರೆ.

ಓಮದ ಸತ್ವ

ನಂಬಿಕೆಯಿಂದ ಪರೀಕ್ಷೆಯ ಮೇಜಿಗೆ ಬಂದು ನಿಂತ ಮದ್ದೆಂದರೆ ಥೈಮಾಲ್. ಥೈಮ್ ಸೊಪ್ಪಿನಲ್ಲಿ ಇರುವುದರಿಂದ ಅದಕ್ಕೆ ಆ ಹೆಸರು. ಆದರೆ ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಥೈಮಾಲ್‌ಗೆ ಮುಖ್ಯ ಮೂಲ ಭಾರತದ ಓಮಕಾಳು. ಕಾಳು ಇಲ್ಲಿಂದ ಹಡಗೇರಿ ಜರ್ಮನಿಗೆ ಹೋಗುತ್ತಿತ್ತು, ಅಲ್ಲಿ ಬಟ್ಟಿ ಇಳಿಸಿ ಸತ್ವ ತೆಗೆಯುತ್ತಿದ್ದರು. ಓಮವನ್ನು ಅಂಗೈಯಲ್ಲಿ ಉಜ್ಜಿದಾಗ ಮೂಗಿಗೆ ಬಡಿಯುವ ಘಾಟು ಇದರದೇ.

ಇಂಗ್ಲೆಂಡಿನ ಹೆಸರಾಂತ ಜೇನು ಕೃಷಿಕ ಆರ್.ಓ.ಬಿ. ಮ್ಯಾನ್ಲಿ 1946ರಲ್ಲಿ ಪ್ರಕಟಿಸಿದ ‘ಹನಿ ಫಾರ್ಮಿಂಗ್’ ಪುಸ್ತಕ ಪಾಕಕ್ಕೆ ಥೈಮಾಲ್ ಹಾಕುವ ವಿಧಾನವನ್ನು ಜನಪ್ರಿಯಗೊಳಿಸಿತು. ಥೈಮಾಲ್ ನೀರಿನಲ್ಲಿ ಸುಲಭವಾಗಿ ಕರಗದು. ಸ್ಪಿರಿಟ್‌ನಲ್ಲಿ ಕರಗಿಸಿ ಕೆಲವೇ ಹನಿ ಬೆರೆಸಬೇಕು. ಅವರ ಉದ್ದೇಶ ಪಾಕ ಹುಳಿಯದಂತೆ, ಬೂಷ್ಟು ಬರದಂತೆ ನೋಡಿಕೊಳ್ಳುವುದು. ಅದೇ ಪಾಕ ನೊಸೆಮಾ ರೋಗವನ್ನೂ ತಗ್ಗಿಸುತ್ತದೆ ಎಂದು ಹೇಳುವ ಪ್ರಯೋಗಗಳು ಬಂದದ್ದು ದಶಕಗಳ ಅನಂತರ. ಉಪ್ಪಿನಕಾಯಿ ಕೆಡದಿರಲೆಂದು ಹಾಕಿದ ಇಂಗು ಹೊಟ್ಟೆಗೂ ಒಳ್ಳೆಯದಾದಂತೆ!

ಅದಕ್ಕೂ ಮಿತಿಯಿದೆ. ಪ್ರಮಾಣ ಹೆಚ್ಚಾದರೆ ನೊಣ ಪಾಕವನ್ನು ಮುಟ್ಟುವುದಿಲ್ಲ. ಒಂದು ಕಿಲೋ ಜೇನುತುಪ್ಪದಲ್ಲಿ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಥೈಮಾಲ್ ಸೇರಿದರೂ ನಾಲಿಗೆಗೆ ಗೊತ್ತಾಗುತ್ತದೆ. ಯುರೋಪಿನಲ್ಲಿ 1970ರ ದಶಕದಿಂದ, ಅಮೆರಿಕದಲ್ಲಿ 1987ರಿಂದ ಹಾವಳಿ ಎಬ್ಬಿಸಿದ ವರೋವಾ ನುಸಿಗೂ ಥೈಮಾಲ್ ಮದ್ದೇ. ಆದರೆ ಅಲ್ಲಿ ಕೆಲಸ ಮಾಡುವುದು ಗೂಡಿನೊಳಗೆ ಹರಡುವ ಆವಿ, ಊಟವಲ್ಲ. ಜಾಹೀರಾತುಗಳು ಈ ಎರಡನ್ನೂ ಬೆರೆಸಿ ಹೇಳುವುದುಂಟು, ಕೊಳ್ಳುವವರು ಎಚ್ಚರದಿಂದಿರಬೇಕು.

ಗಿಡಮೂಲಿಕೆಗೆ ಮತ್ತೆ ಬೆಲೆ ಬರಲು ದೊಡ್ಡ ಕಾರಣ ಆ್ಯಂಟಿಬಯೋಟಿಕ್‌ಗಳ ಸೋಲು. 1950ರ ದಶಕದಿಂದ ನೊಸೆಮಾಕ್ಕೆ ಫ್ಯೂಮಾಜಿಲಿನ್, ಮರಿ ಕೊಳೆಯುವ ರೋಗಕ್ಕೆ ಟೆಟ್ರಾಸೈಕ್ಲಿನ್ ಪಾಕದಲ್ಲಿ ಬೆರೆತವು. ಶೇಷ ತುಪ್ಪದಲ್ಲಿ ಉಳಿಯಿತು. 2010ರಲ್ಲಿ ಯುರೋಪ್ ಒಕ್ಕೂಟ ಭಾರತದ ಜೇನುತುಪ್ಪದ ಆಮದನ್ನೇ ನಿಲ್ಲಿಸಿದಾಗ ಇಂಥ ಶೇಷಗಳ ತಪಾಸಣೆಯ ಕೊರತೆ ಒಂದು ಮುಖ್ಯ ಆಕ್ಷೇಪವಾಗಿತ್ತು. ಮರುವರ್ಷ ಬಾಗಿಲು ತೆರೆಯಿತಾದರೂ ಪಾಠ ದುಬಾರಿಯಾಗಿತ್ತು.

ಕೊಡಗಿನ ಖಾಲಿ ಪೆಟ್ಟಿಗೆಗಳು

ಕರ್ನಾಟಕದಲ್ಲಿ ಈ ಪ್ರಶ್ನೆ ಜೀವನ್ಮರಣದ ಪ್ರಶ್ನೆಯಾದದ್ದು 1991-92ರಲ್ಲಿ. ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ 1910ರ ದಶಕದಲ್ಲಿ ರೂಪಿಸಿದ ಪೆಟ್ಟಿಗೆ ದಕ್ಷಿಣ ಭಾರತದಲ್ಲಿ ತುಡುವೆ ಜೇನನ್ನು ಮನೆಯಂಗಳಕ್ಕೆ ತಂದಿತ್ತು. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಸಹಕಾರ ಸಂಘಗಳು ಬೆಳೆದವು. ಕಾಫಿ ತೋಟದ ಸಣ್ಣ ಹಿಡುವಳಿದಾರನಿಗೆ ಹತ್ತಾರು ಪೆಟ್ಟಿಗೆ ಎಂದರೆ ವರ್ಷದ ಕೈಖರ್ಚು. ಆಗ ಬಂತು ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಕಂಡ ಈ ವೈರಸ್ ರೋಗ ನೊಣಗಳನ್ನಲ್ಲ, ಮರಿಗಳನ್ನು ಕೊಲ್ಲುತ್ತದೆ. ಕೋಶ ಕಟ್ಟುವ ಹಂತದಲ್ಲಿ ಮರಿಹುಳು ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಮರಿಗಳಿಲ್ಲದ ಗೂಡಿನಲ್ಲಿ ದೊಡ್ಡ ನೊಣಗಳು ನಿಲ್ಲುವುದಿಲ್ಲ. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಶೇ 90ಕ್ಕೂ ಹೆಚ್ಚು ನಾಶವಾದವು ಎಂಬುದು ವರದಿಗಳ ಲೆಕ್ಕ.

ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ರಾಣಿಯನ್ನು ಕೆಲಕಾಲ ಬಂಧಿಸಿಟ್ಟು ಮೊಟ್ಟೆ ನಿಲ್ಲಿಸುವುದು, ರೋಗದ ಎರಿಗಳನ್ನು ತೆಗೆದು ಸುಡುವುದು, ಉಳಿದುಕೊಂಡ ಕುಟುಂಬಗಳಿಂದಲೇ ಮುಂದಿನ ಪೀಳಿಗೆ ಬೆಳೆಸುವುದು, ಇಷ್ಟೇ ದಾರಿ. ತುಡುವೆ ಚೇತರಿಸಿಕೊಂಡದ್ದು ಬಹುಪಾಲು ಮೂರನೆಯ ದಾರಿಯಿಂದ. ಆ ಚೇತರಿಕೆಯ ಕೀರ್ತಿಯನ್ನು ಯಾವುದಾದರೂ ಸೊಪ್ಪಿನ ರಸಕ್ಕೆ ಕೊಡುವವರು ಐಲ್ ಆಫ್ ವೈಟ್‌ನ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಪ್ರಯೋಗಾಲಯದ ಪಂಜರದಲ್ಲಿ ನೂರು ನೊಣಗಳ ಮೇಲೆ ಗೆದ್ದ ಕಷಾಯ, ಸಾವಿರಾರು ನೊಣಗಳ ಗೂಡಿನಲ್ಲಿ ಸೋಲುವುದು ಈ ಕ್ಷೇತ್ರದಲ್ಲಿ ಸಾಮಾನ್ಯ.

ಹಾಗೆಂದು ಗಿಡಗಳ ಸತ್ವ ನೊಣಕ್ಕೆ ಬೇಡವೇ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮೇ ಬೆರೆನ್‌ಬಾಮ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಪರಾಗದಲ್ಲೂ, ಅದರ ಮೂಲಕ ಜೇನಿನಲ್ಲೂ ಇರುವ ಕೂಮಾರಿಕ್ ಆಮ್ಲ ಎಂಬ ವಸ್ತು, ವಿಷವನ್ನು ಒಡೆಯುವ ನೊಣದ ಜೀನ್‌ಗಳನ್ನು ಎಚ್ಚರಿಸುತ್ತದೆ. ಬರಿಯ ಸಕ್ಕರೆ ಪಾಕದಲ್ಲಿ ಅದು ಇಲ್ಲ. ಹೊಟ್ಟೆ ತುಂಬಿದರೂ ಕೀಟನಾಶಕದ ಎದುರು ನೊಣದ ಕಾವಲು ನಿದ್ದೆಯಲ್ಲಿರುತ್ತದೆ. ರೋಗ ಬಂದಾಗ ನೊಣಗಳು ಮರದ ಅಂಟನ್ನು ಹೆಚ್ಚು ಹೊತ್ತು ತರುತ್ತವೆ ಎಂಬುದನ್ನು 2012ರಲ್ಲಿ, ನೊಸೆಮಾ ತಗುಲಿದ ನೊಣಗಳು ಹಲವು ಬಗೆಯ ಜೇನುಗಳ ನಡುವೆ ರೋಗಾಣುವಿಗೆ ಹೆಚ್ಚು ಮಾರಕವಾದ ಜೇನನ್ನೇ ಆಯ್ದುಕೊಳ್ಳುತ್ತವೆ ಎಂಬುದನ್ನು 2014ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಅಂದರೆ ಮದ್ದಿನ ಆಯ್ಕೆ ನೊಣಕ್ಕೇ ಗೊತ್ತು. ಆಯ್ದುಕೊಳ್ಳಲು ಸುತ್ತ ಬಗೆಬಗೆಯ ಗಿಡಗಳಿರಬೇಕು. ಅವು ಇಲ್ಲದ ಕಡೆ, ಮಳೆ ಹಿಡಿದ ತಿಂಗಳುಗಳಲ್ಲಿ ಪಾಕ ಅನಿವಾರ್ಯ. ಅದಕ್ಕೆ ಓಮದ ಸತ್ವದ ಹನಿ ಬಿದ್ದರೂ ಸರಿ, ಬೀಳದಿದ್ದರೂ ಸರಿ, ತುಪ್ಪದ ಚೌಕಟ್ಟುಗಳನ್ನು ಮೇಲೇರಿಸುವ ಮೊದಲೇ ಪಾಕದ ತಟ್ಟೆ ಹೊರಗೆ ಬರಬೇಕು. ಇಲ್ಲದಿದ್ದರೆ ಅಂಗಡಿಯ ಸಕ್ಕರೆಯೇ ಎರಿಯಲ್ಲಿ ತುಂಬಿ ತುಪ್ಪವೆಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಕಬ್ಬಿನ ಸಕ್ಕರೆಯ ಇಂಗಾಲಕ್ಕೆ ಅದರದೇ ಗುರುತಿದೆ, ಪ್ರಯೋಗಾಲಯ ಅದನ್ನು ಹಿಡಿದುಬಿಡುತ್ತದೆ.