ಪ್ಯಾಟ್ ಸಮಿಟ್ ಆದ ಮೇಲೆ ಯಾರು?

ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ನೋಡಲು ಸಾವಿರಾರು ಜನ ದುಡ್ಡು ಕೊಟ್ಟು ಬರುತ್ತಾರೆ ಎಂದರೆ ನಮ್ಮೂರಿನ ಗೆಳೆಯರು ನಂಬುವುದಿಲ್ಲ. ಹಾಗೆ ಜನರನ್ನು ಕರೆತಂದವರಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ಕೋಚ್ ಪ್ಯಾಟ್ ಸಮಿಟ್ ಹೆಸರು ದೊಡ್ಡದು. 1974ರಲ್ಲಿ 22ರ ವಯಸ್ಸಿಗೆ ತಂಡ ವಹಿಸಿಕೊಂಡಾಗ ಅವರ ಸಂಬಳ ತಿಂಗಳಿಗೆ 250 ಡಾಲರ್. ವ್ಯಾನ್ ಓಡಿಸುವುದು, ಆಟದ ಬಟ್ಟೆ ಒಗೆಯುವುದು ಎಲ್ಲವೂ ಅವರದೇ. 38 ವರ್ಷಗಳಲ್ಲಿ 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿ.

2011ರಲ್ಲಿ, ಇನ್ನೂ 59 ವರ್ಷ, ತಮಗೆ ಅಲ್‌ಝೈಮರ್ಸ್ ಬಗೆಯ ಮರೆವಿನ ಕಾಯಿಲೆ ಇದೆಯೆಂದು ಅವರೇ ಜನರಿಗೆ ತಿಳಿಸಿದರು. ಮರುವರ್ಷ ಅವರ ಜಾಗಕ್ಕೆ ಬಂದವರು ಹಾಲಿ ವಾರ್ಲಿಕ್. ಸಮಿಟ್ ಕೈಕೆಳಗೆ ಆಡಿ, 27 ವರ್ಷ ಸಹಾಯಕಿಯಾಗಿದ್ದವರು. ಇದಕ್ಕಿಂತ ಯೋಗ್ಯರು ಯಾರಿದ್ದರು?

ಪಾಲುದಾರ ನಿವೃತ್ತನಾದಾಗ ಗುಡ್‌ವಿಲ್ ಕಟ್ಟುವ ಲೆಕ್ಕವನ್ನು ನಾವು ಬಿ.ಕಾಂ.ನಲ್ಲೇ ಮಾಡಿದ್ದೇವೆ. ಅಂಗಡಿಯ ಹೆಸರು ಕೇಳಿ ಬರುವ ಗಿರಾಕಿ ಬೇರೆ, ಯಜಮಾನನ ಮುಖ ನೋಡಿ ಬರುವವನು ಬೇರೆ. ಎರಡನೆಯವನನ್ನು ಯಾವ ಪತ್ರ ಬರೆದುಕೊಟ್ಟರೂ ವರ್ಗಾಯಿಸಲಾಗದು. ಇಲ್ಲಿ ಕೋಚ್ ಪ್ರೌಢಶಾಲೆಯ ಆಟಗಾರ್ತಿಯರ ಮನೆಗೇ ಹೋಗಿ, ತಂದೆತಾಯಿಯರ ಎದುರು ಕೂತು, ನಮ್ಮಲ್ಲಿಗೆ ಕಳಿಸಿ ಎಂದು ಕೇಳಬೇಕು. ಹಾಗೆ ಕೂತಾಗ ಸಮಿಟ್ ಅವರ ಮಾತಿಗಿದ್ದ ತೂಕ ಇನ್ನೊಬ್ಬರಿಗೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಅದೇ ಹೊತ್ತಿಗೆ ಎದುರಾಳಿ ಕನೆಕ್ಟಿಕಟ್ 2013ರಿಂದ 2016ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದಿತು.

ವಾರ್ಲಿಕ್ ಏಳು ವರ್ಷಗಳಲ್ಲಿ 172 ಪಂದ್ಯ ಗೆದ್ದರು, 67 ಸೋತರು. ಅಂದರೆ ನೂರಕ್ಕೆ 72 ಗೆಲುವು. ಮೂರು ಸಲ ತಂಡ ರಾಷ್ಟ್ರದ ಕೊನೆಯ ಎಂಟರೊಳಗೆ ಬಂತು. ಬೇರೆ ಕಾಲೇಜಾಗಿದ್ದರೆ ಹಾರ ಹಾಕುತ್ತಿದ್ದರು. ಆದರೆ ಸಮಿಟ್ ಅವರದು ನೂರಕ್ಕೆ 84. ಆಡುವ ಅಂಗಳಕ್ಕೂ ಅವರದೇ ಹೆಸರು. ಕೊನೆಯ ಮೂರು ವರ್ಷ ತಂಡ ಇಳಿಮುಖವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. 2019ರಲ್ಲಿ ಮೊದಲ ಸುತ್ತಿನಲ್ಲೇ ಸೋತ ಬಳಿಕ ಅವರನ್ನು ತೆಗೆದರು.

ನನಗೆ ಇದು ಸರಿಯಾದ ಲೆಕ್ಕವೆನಿಸುವುದಿಲ್ಲ. ಸಮಿಟ್ ತಮ್ಮ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1987ರಲ್ಲಿ, ಹದಿಮೂರನೆಯ ಋತುವಿನಲ್ಲಿ. ಅಷ್ಟರೊಳಗೆ ಹಲವು ಬಾರಿ ಕೊನೆಯ ಹಂತ ತಲುಪಿದ್ದರು, ನಿಜ. ಆದರೂ ಕಾಯುವಷ್ಟು ವ್ಯವಧಾನ ಆಗ ಇತ್ತು, ಏಕೆಂದರೆ ಹೋಲಿಸಿ ನೋಡಲು ಹಿಂದೆ ಇನ್ನೊಬ್ಬ ಸಮಿಟ್ ಇರಲಿಲ್ಲ.

ವಾರ್ಲಿಕ್ ಬಳಿಕ ಕೆಲ್ಲಿ ಹಾರ್ಪರ್ ಬಂದರು. ಅವರೂ ಸಮಿಟ್ ಶಿಷ್ಯೆ, 1996ರಿಂದ ಮೂರು ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದವರು. ಐದು ವರ್ಷಕ್ಕೆ ಅವರನ್ನೂ ಕಳಿಸಿದರು. 2024ರಲ್ಲಿ ವಿಶ್ವವಿದ್ಯಾಲಯ ಕಿಮ್ ಕಾಲ್ಡ್‌ವೆಲ್ ಅವರನ್ನು ನೇಮಿಸಿತು. ಟೆನೆಸ್ಸೀಗೆ ಆಡಿದವರಲ್ಲ, ಸಮಿಟ್ ಅವರ ಕೈಕೆಳಗೆ ಕೆಲಸ ಮಾಡಿದವರೂ ಅಲ್ಲ.