ಅಕಾಲದಲ್ಲಿ ಸವೆಯುವ ಮುಂದಿನ ಡಿಫರೆನ್ಷಿಯಲ್ ಬೇರಿಂಗ್: ಕಾರಣ, ಮುನ್ಸೂಚನೆ, ಪರಿಹಾರ

ಮೈಸೂರು: ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹರಿಯುವ ವಾಹನ ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ ಎಂಬುದು ಜನಜನಿತ ನಂಬಿಕೆ. ಆ ನಂಬಿಕೆಯ ಮೇಲೆಯೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ರೈತರು ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳನ್ನು ಕೊಳ್ಳುತ್ತಾರೆ. ತೋಟಗಳ ಮಾಲೀಕರು ಪಿಕಪ್ ವಾಹನಗಳನ್ನೂ ಅರಣ್ಯ ಇಲಾಖೆ ಜೀಪುಗಳನ್ನೂ ಓಡಿಸುತ್ತಾರೆ. ಆದರೆ ಈ ವಾಹನಗಳ ಮುಂದಿನ ಅಚ್ಚಿನೊಳಗೆ ಅಡಗಿ ಕುಳಿತಿರುವ, ಅಂಗೈಯಲ್ಲಿ ಹಿಡಿಯಬಹುದಾದಷ್ಟೇ ದೊಡ್ಡದಾದ ಬೇರಿಂಗ್ ಒಂದು ಕಾಲಕ್ಕೆ ಮೊದಲೇ ಸವೆದರೆ ಇಡೀ ವಾಹನ ಮೂಲೆ ಸೇರುತ್ತದೆ. ಈ ಸವೆತಕ್ಕೆ ಬೇರಿಂಗ್‌ನ ಗುಣಮಟ್ಟಕ್ಕಿಂತ ನೀರು, ಎಣ್ಣೆ, ಟೈರ್ ಮತ್ತು ಚಾಲಕನ ಕೈಯಲ್ಲಿರುವ ಒಂದು ಸನ್ನೆಗೋಲೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಇವೆಲ್ಲವೂ ತಡೆಯಬಹುದಾದ ಕಾರಣಗಳು ಎಂಬುದು ಗಮನಾರ್ಹ.

ನಾಲ್ಕು ತಾಲ್ಲೂಕು, ಹಲವು ಬಗೆಯ ನೆಲ

ಕಾವೇರಿ ದಡದ ಕೆ.ಆರ್.ನಗರ ಭತ್ತದ ಸೀಮೆ. ನಾಲೆಗಳಿಗೆ ನೀರು ಬಿಟ್ಟ ಕೂಡಲೇ ಗದ್ದೆಗಳಲ್ಲಿ ಕೆಸರು ಉಳುಮೆ ಆರಂಭವಾಗುತ್ತದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ದಿನವಿಡೀ ನೀರು ಮತ್ತು ರಾಡಿಯಲ್ಲೇ ಮುಳುಗೇಳುತ್ತಿರುತ್ತದೆ.

ಹುಣಸೂರು ಮತ್ತು ಪಿರಿಯಾಪಟ್ಟಣ ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದ ತಾಲ್ಲೂಕುಗಳು. ಇಲ್ಲಿನ ಮರಳುಮಿಶ್ರಿತ ಕೆಂಪು ಮಣ್ಣು ಬೇಸಿಗೆಯಲ್ಲಿ ಸಣ್ಣ ದೂಳಾಗಿ ಏಳುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಬ್ಯಾರನ್‌ಗಳಿಗೆ ಸೌದೆ, ಹೊಲಕ್ಕೆ ಗೊಬ್ಬರ, ಹರಾಜು ಮಾರುಕಟ್ಟೆಗೆ ಬೇಲು, ಶುಂಠಿಯ ಹೊಲದಿಂದ ಮೂಟೆ ಹೀಗೆ ವರ್ಷವಿಡೀ ಸಾಗಣೆ ಇದ್ದೇ ಇರುತ್ತದೆ. ಒಂದೇ ವಾಹನ ಬೆಳಿಗ್ಗೆ ಹೊಲದಲ್ಲಿದ್ದರೆ ಮಧ್ಯಾಹ್ನ ಮೈಸೂರು–ಮಡಿಕೇರಿ ಹೆದ್ದಾರಿಯ ಟಾರಿನ ಮೇಲಿರುತ್ತದೆ.

ಎಚ್.ಡಿ.ಕೋಟೆಯ ಸ್ಥಿತಿ ಇನ್ನೂ ಭಿನ್ನ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಹಿನ್ನೀರು, ತಾರಕ, ಹೆಬ್ಬಳ್ಳ, ಮತ್ತೊಂದೆಡೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಕಾಡು. ಅಂತರಸಂತೆ, ಡಿ.ಬಿ.ಕುಪ್ಪೆ ಕಡೆಯ ಅರಣ್ಯ ಸಿಬ್ಬಂದಿ ಮಳೆಗಾಲದಲ್ಲಿ ಹಳ್ಳಗಳನ್ನು ವಾಹನದಲ್ಲೇ ದಾಟಬೇಕಾಗುತ್ತದೆ. ಆನೆ, ಹುಲಿಗಳಿರುವ ಕಾಡಿನ ನಡುವೆ ಮುಂದಿನ ಅಚ್ಚು ಸಿಕ್ಕಿಹಾಕಿಕೊಂಡರೆ ಅದು ಬರೀ ರಿಪೇರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಒಳಗಿರುವವರ ಪ್ರಾಣದ ಪ್ರಶ್ನೆಯಾಗುತ್ತದೆ.

ಡಿಫರೆನ್ಷಿಯಲ್ ಏನು ಮಾಡುತ್ತದೆ?

ವಾಹನ ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಎರಡಕ್ಕೂ ಶಕ್ತಿ ಕೊಡುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು, ಅದು ತಿರುಗಿಸುವ ಕ್ರೌನ್ ಎಂಬ ದೊಡ್ಡ ಗೇರು ಇದರ ಮುಖ್ಯ ಭಾಗಗಳು. ಸಾಮಾನ್ಯವಾಗಿ ಪಿನಿಯನ್ನಿಗೆ ಎರಡು, ಕ್ರೌನ್ ಕುಳಿತ ಕೋಶದ ಎಡಬಲಕ್ಕೆ ಎರಡು ಬೇರಿಂಗ್‌ಗಳು ಇವನ್ನು ಸ್ಥಾನದಲ್ಲಿ ಹಿಡಿದಿಡುತ್ತವೆ.

ಫೋರ್ ವೀಲ್ ಡ್ರೈವ್ ವಾಹನದಲ್ಲಿ ಇಂಥ ಜೋಡಣೆ ಹಿಂದೊಂದು, ಮುಂದೊಂದು ಇರುತ್ತದೆ. ಮುಂದಿನದಕ್ಕೆ ಕಷ್ಟ ಹೆಚ್ಚು. ಆ ಅಚ್ಚಿನ ಚಕ್ರಗಳು ಸ್ಟಿಯರಿಂಗಿಗೂ ಹೊರಳಬೇಕು, ಹಳ್ಳಕ್ಕೆ ಮೊದಲು ಇಳಿಯುವುದೂ ಅವೇ.

ಕೀಲೆಣ್ಣೆಯ ಕಾಲದಿಂದ

19ನೇ ಶತಮಾನದಲ್ಲಿ ಅಮೃತಮಹಲ್ ಜಾನುವಾರುಗಳಿಗೆ ಹೆಸರಾಗಿದ್ದ ಹುಣಸೂರಿನಲ್ಲಿ ಸೇನೆಯ ಉಪಯೋಗಕ್ಕಾಗಿ ಚರ್ಮದ ಸಾಮಾನು, ಕಂಬಳಿ ಮತ್ತು ಗಾಡಿಗಳು ತಯಾರಾಗುತ್ತಿದ್ದವು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿಯೇ ಪಯಣ ಹೊರಡುವುದು ಅಂದಿನವರ ರೂಢಿ. ಎಣ್ಣೆಯಿಲ್ಲದ ಅಚ್ಚು ಕಿರುಗುಟ್ಟಿ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತಿತ್ತು.

ಇಂದಿನ ಡಿಫರೆನ್ಷಿಯಲ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಟೇಪರ್ ರೋಲರ್ ಬೇರಿಂಗ್ ಕೂಡ ಗಾಡಿಯ ಕಸುಬಿನಿಂದಲೇ ಹುಟ್ಟಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಿರುವ ಉಕ್ಕಿನ ಉರುಳೆಗಳು ಮೇಲಿನಿಂದ ಬೀಳುವ ಭಾರವನ್ನೂ ಪಕ್ಕದಿಂದ ಬರುವ ಒತ್ತಡವನ್ನೂ ಏಕಕಾಲಕ್ಕೆ ತಾಳುತ್ತವೆ.

ಈ ತಾಳ್ಮೆಗೆ ಲೆಕ್ಕವಿದೆ. ರೋಲರ್ ಬೇರಿಂಗಿನ ಮೇಲಿನ ಹೊರೆ ಕಾಲು ಭಾಗದಷ್ಟು ಏರಿದರೆ ಅದರ ಲೆಕ್ಕಾಚಾರದ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೊರೆ ಇಮ್ಮಡಿಯಾದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಹತ್ತು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಕೈಕೊಡುವುದರ ಗುಟ್ಟು ಇಲ್ಲಿದೆ.

ಮೊದಲ ಶತ್ರು ನೀರು

ಕೆಲಸದಲ್ಲಿರುವ ಅಚ್ಚು ಬಿಸಿಯಾಗಿರುತ್ತದೆ. ಅದು ತಣ್ಣನೆಯ ಹಳ್ಳಕ್ಕೋ ಗದ್ದೆಗೋ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಅಚ್ಚು ಉಸಿರಾಡಲೆಂದು ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಹೀರುವಿಕೆಯ ಬಲವೆಲ್ಲ ಆಯಿಲ್ ಸೀಲುಗಳ ಮೇಲೆ ಬಿದ್ದು, ಅವುಗಳ ಅಂಚಿನಿಂದ ನೀರು ನುಸುಳುತ್ತದೆ. ತೆರೆದಿದ್ದು ನೀರಿನಲ್ಲಿ ಮುಳುಗಿದ್ದರೆ ರಂಧ್ರದಿಂದಲೇ ನೀರು ಇಳಿಯುತ್ತದೆ.

ಒಳಹೊಕ್ಕ ನೀರು ಗೇರ್ ಆಯಿಲಿನೊಂದಿಗೆ ಕಲಸಿಕೊಂಡು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಉರುಳೆ ಮತ್ತು ಅದರ ಹಾದಿಯ ನಡುವೆ ಇರಬೇಕಾದ ಎಣ್ಣೆಯ ತೆಳು ಪದರ ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ತುಕ್ಕಿನ ಸಣ್ಣ ಚುಕ್ಕೆಗಳು ಗುಳಿಗಳಾಗಿ, ಗುಳಿಯ ಅಂಚಿನಿಂದ ಚಕ್ಕೆಗಳು ಏಳುತ್ತವೆ. ಜೊತೆಗೆ ಬಂದ ಕೆಂಪು ಮಣ್ಣಿನ ಮರಳಿನ ಕಣಗಳು ಉಪ್ಪುಕಾಗದದಂತೆ ಉಜ್ಜುತ್ತವೆ. ಎಣ್ಣೆಯಲ್ಲಿ ಬೆರೆತ ನೀರಿನ ಪಾಲು ಅತ್ಯಲ್ಪವಾಗಿದ್ದರೂ ಬೇರಿಂಗಿನ ಆಯುಷ್ಯಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ.

ಟಾರಿನ ಮೇಲೆ ಎಳೆದ ಸನ್ನೆಗೋಲು

ಎರಡನೆಯ ಕಾರಣ ಚಾಲನೆಯದ್ದು. ಸದಾಕಾಲ ನಾಲ್ಕೂ ಚಕ್ರ ಎಳೆಯುವ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ವೇಗದ ಅಂತರವನ್ನು ಸರಿದೂಗಿಸಲು ನಡುವೆ ಮತ್ತೊಂದು ವ್ಯವಸ್ಥೆ ಇರುತ್ತದೆ. ಟ್ರ್ಯಾಕ್ಟರ್‌ಗಳಲ್ಲಿ ಹಾಗೂ ಬೇಕಾದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಬಹುತೇಕ ಜೀಪು, ಪಿಕಪ್‌ಗಳಲ್ಲಿ ಅದು ಇಲ್ಲ. ಸನ್ನೆಗೋಲು ಎಳೆದ ಕ್ಷಣದಿಂದ ಎರಡೂ ಶಾಫ್ಟುಗಳು ಒಂದಕ್ಕೊಂದು ಬೆಸೆದಂತೆ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ಹಾದಿ ಕ್ರಮಿಸಬೇಕು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕರಗುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ. ಶಾಫ್ಟುಗಳಲ್ಲಿ ತಿರುಚು ಬಿಗಿಯುತ್ತ ಹೋಗಿ, ಆ ಒತ್ತಡ ಕ್ರೌನ್, ಪಿನಿಯನ್ ಮತ್ತು ಬೇರಿಂಗ್‌ಗಳ ಮೇಲೆ ಬೀಳುತ್ತದೆ. ಸ್ಟಿಯರಿಂಗ್ ಭಾರವಾಗುವುದು, ಸನ್ನೆಗೋಲು ಹಿಂದಕ್ಕೆ ಬಾರದೆ ಕಚ್ಚಿಕೊಳ್ಳುವುದು ಇದರ ಲಕ್ಷಣ. ಹೊಲದಿಂದ ಮೇಲೇರಿದ ಟ್ರ್ಯಾಕ್ಟರ್ ಅದೇ ಸ್ಥಿತಿಯಲ್ಲಿ ಹೆದ್ದಾರಿಯ ಮೇಲೆ ಊರು ಸೇರಿದರೆ ಹೆಚ್ಚುವರಿ ಹೊರೆಯ ಲೆಕ್ಕ ಆರಂಭವಾಯಿತೆಂದೇ ಅರ್ಥ.

ಟೈರಿನ ಅಳತೆಯೂ ಕಾರಣ

ಫೋರ್ ವೀಲ್ ಟ್ರ್ಯಾಕ್ಟರಿನ ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸುವೇ, ಸಾಮಾನ್ಯವಾಗಿ ಶೇಕಡ 1ರಿಂದ 5ರಷ್ಟು ಮುಂದಾಗಿ ಎಳೆಯುವಂತೆ ತಯಾರಕರು ಗೇರುಗಳ ಪ್ರಮಾಣ ನಿಗದಿ ಮಾಡಿರುತ್ತಾರೆ. ಮುಂದೆ ಬೇರೆ ಅಳತೆಯ ಟೈರ್ ಹಾಕಿದರೆ, ಹಿಂದೆ ಹೊಸದು, ಮುಂದೆ ಪೂರ್ತಿ ಸವೆದದ್ದು ಉಳಿಸಿಕೊಂಡರೆ, ಗಾಳಿಯ ಒತ್ತಡ ತಪ್ಪಿದರೆ ಈ ಲೆಕ್ಕ ಕೆಡುತ್ತದೆ. ಆಗ ಮುಂದಿನ ಅಚ್ಚು ಅತಿಯಾಗಿ ಎಳೆಯುತ್ತದೆ, ಇಲ್ಲವೇ ಹಿಂದಿನದರಿಂದ ನೂಕಿಸಿಕೊಳ್ಳುತ್ತದೆ. ಜೀಪು, ಪಿಕಪ್‌ಗಳಲ್ಲಿ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದು ಸಮನಾಗಿ ಸವೆದಿರಬೇಕು ಎಂಬ ನಿಯಮಕ್ಕೂ ಇದೇ ಕಾರಣ. ಟ್ರ್ಯಾಕ್ಟರಿನ ಮುಂದೆ ಮಣ್ಣೆತ್ತುವ ಬುಟ್ಟಿ ಜೋಡಿಸಿದಾಗಲೂ ಮುಂದಿನ ಅಚ್ಚಿನ ಹೊರೆ ಏರುತ್ತದೆ.

ಸುಮ್ಮನೆ ನಿಂತರೂ ಕೇಡು

ಚಕ್ರವನ್ನು ಶಾಫ್ಟಿನಿಂದ ಬಿಡಿಸಬಲ್ಲ ಫ್ರೀ ವೀಲಿಂಗ್ ಹಬ್ ಇರುವ ಜೀಪುಗಳಲ್ಲಿ ಮುಂದಿನ ಡಿಫರೆನ್ಷಿಯಲ್ ತಿಂಗಳುಗಟ್ಟಲೆ ತಿರುಗದೇ ಇರಬಹುದು. ಆಗ ಮೇಲ್ಭಾಗದ ಉರುಳೆಗಳಿಗೆ ಎಣ್ಣೆ ತಲುಪದೆ ತುಕ್ಕು ಹಿಡಿಯುತ್ತದೆ. ರಸ್ತೆಯ ಅದುರಿಗೆ ಉರುಳೆಗಳು ಕುಳಿತ ಜಾಗದಲ್ಲೇ ಗೆರೆ ಕೊರೆಯುತ್ತವೆ. ಇಂಥ ಹಬ್ ಇಲ್ಲದ ಅನೇಕ ವಾಹನಗಳಲ್ಲಿ ಟೂ ವೀಲ್ ಸ್ಥಿತಿಯಲ್ಲೂ ಮುಂದಿನ ಗೇರುಗಳು ತಿರುಗುತ್ತಲೇ ಇರುತ್ತವೆ. ‘ಫೋರ್ ವೀಲ್ ಹಾಕಿಯೇ ಇಲ್ಲ, ಆಯಿಲ್ ಏಕೆ ಬದಲಿಸಬೇಕು’ ಎಂಬ ವಾದ ಎರಡೂ ಬಗೆಯ ವಾಹನಗಳಿಗೆ ಸಲ್ಲದು.

ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಜೀಪು, ಪಿಕಪ್‌ಗಳ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯು-90 ಅಥವಾ 85ಡಬ್ಲ್ಯು-140 ಗೇರ್ ಆಯಿಲ್ ಹೇಳಿರುತ್ತಾರೆ. ಟ್ರ್ಯಾಕ್ಟರಿನಲ್ಲಿ ಇದು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಕೈಪಿಡಿಯಲ್ಲಿ ನಮೂದಿಸಿರುವುದೇ ಅಂತಿಮ.

ರಿಪೇರಿಯಿಂದಲೇ ಬರುವ ರೋಗ

ಹೊಸ ಬೇರಿಂಗ್ ಹಾಕಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಬಂದರೆ ಜೋಡಣೆಯ ಮೇಲೆ ಅನುಮಾನ ಪಡಬೇಕು. ಟೇಪರ್ ಬೇರಿಂಗನ್ನು ನಿಗದಿತ ಬಿಗಿಯಲ್ಲೇ ಕೂರಿಸಬೇಕು. ಬಿಗಿ ಹೆಚ್ಚಾದರೆ ಕಾದು ನೀಲಿಗಟ್ಟುತ್ತದೆ, ಸಡಿಲಾದರೆ ಪಿನಿಯನ್ ಅಲುಗಾಡಿ ಹಲ್ಲುಗಳನ್ನು ತಿನ್ನುತ್ತದೆ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಬಿಡಬೇಕಾದ ಸಂದು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಮಾತ್ರ. ಇದನ್ನು ಡಯಲ್ ಗೇಜ್ ಇಟ್ಟು ಅಳೆದು, ತೆಳು ಬಿಲ್ಲೆಗಳನ್ನು ಸೇರಿಸಿ ತೆಗೆದು ಹೊಂದಿಸಬೇಕು, ಕೈಯಂದಾಜು ಸಾಲದು. ಒಳಗಿನ ಉರುಳೆಯ ಭಾಗ ಮಾತ್ರ ಬದಲಿಸಿ ಹೊರಗಿನ ಬಳೆಯನ್ನು ಹಳೆಯದೇ ಉಳಿಸುವುದು, ಹಳೆಯ ಚೂರುಗಳನ್ನು ತೊಳೆಯದೆ ಹೊಸ ಎಣ್ಣೆ ತುಂಬುವುದು ಇತರ ತಪ್ಪುಗಳು.

ಕಿವಿಗೆ ಬೀಳುವ ಮುನ್ಸೂಚನೆ

* ವೇಗಕ್ಕೆ ತಕ್ಕಂತೆ ಏರಿಳಿಯುವ ಗುಂಯ್‌ಗುಡುವಿಕೆ, ಅದರಲ್ಲೂ ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಸ್ವರ ಬದಲಾದರೆ, ಪಿನಿಯನ್ ಕಡೆಯ ದೋಷವನ್ನು ಸೂಚಿಸುತ್ತದೆ.
* ಮಂದವಾದ ಗುಡುಗುಡು ಸದ್ದು ಕ್ರೌನ್ ಪಕ್ಕದ ಬೇರಿಂಗ್ ಸವೆದಿರುವುದರ ಲಕ್ಷಣ. ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಮಾತ್ರ ಸದ್ದು ಹೆಚ್ಚಾದರೆ ಚಕ್ರದ ಬೇರಿಂಗನ್ನು ಮೊದಲು ನೋಡಬೇಕು.
* ಪಿನಿಯನ್ ಸೀಲಿನ ಬಳಿ ಎಣ್ಣೆ ಜಿನುಗುವುದು, ಶಾಫ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಿಸಿದರೆ ಆಡುವುದು.
* ಇಳಿಸಿದ ಎಣ್ಣೆ ಹಾಲಿನಂತಿರುವುದು, ಅದರಲ್ಲಿ ಹೊಳೆಯುವ ಚಕ್ಕೆಗಳಿರುವುದು.

ಸದ್ದು ಆರಂಭವಾದಾಗಲೇ ಗಮನಿಸಿದರೆ ಬೇರಿಂಗ್ ಮತ್ತು ಸೀಲಿನಲ್ಲಿ ಕೆಲಸ ಮುಗಿಯುತ್ತದೆ. ಹಾಗೆಯೇ ಓಡಿಸಿದರೆ ಕ್ರೌನ್–ಪಿನಿಯನ್ ಜೋಡಿಯನ್ನೇ ಬದಲಿಸಬೇಕಾಗುತ್ತದೆ. ಉಳುಮೆಯ ಹದ ಕೈತಪ್ಪಿದ ನಷ್ಟ ಇದಕ್ಕೆ ಹೊರತು. ನಾಲೆಯ ನೀರು ಟ್ರ್ಯಾಕ್ಟರಿಗಾಗಿ ಕಾಯುವುದಿಲ್ಲ.

ಮಾಡಬೇಕಾದ್ದೇನು?

ಕೆಸರು ಉಳುಮೆ ಅಥವಾ ಆಳದ ನೀರು ದಾಟಿದ ನಂತರ ಎಣ್ಣೆಯ ಬಣ್ಣ ಪರೀಕ್ಷಿಸಬೇಕು. ಹಾಲಿನಂತಿದ್ದರೆ ಕಿಲೋಮೀಟರ್ ಅಥವಾ ಗಂಟೆಯ ಲೆಕ್ಕ ನೋಡದೆ ಕೂಡಲೇ ಬದಲಿಸಬೇಕು. ಬ್ರೀದರ್ ಶುಚಿಯಾಗಿರಬೇಕು. ಹಳ್ಳ ದಾಟುವ ವಾಹನಗಳಲ್ಲಿ ಅದಕ್ಕೆ ರಬ್ಬರ್ ಕೊಳವೆ ಜೋಡಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ಯುವುದು ಸುಲಭದ ಉಪಾಯ. ನೀರಿಗಿಳಿಯುವ ಮೊದಲು ಅಚ್ಚು ತಣಿಯಲು ಕೆಲ ನಿಮಿಷ ಬಿಡುವುದೂ ಒಳ್ಳೆಯದು. ಗಟ್ಟಿ ರಸ್ತೆ ಸಿಕ್ಕ ಕೂಡಲೇ ಫೋರ್ ವೀಲ್ ಬಿಡಿಸಬೇಕು. ಬಳಸದ ತಿಂಗಳುಗಳಲ್ಲಿ ಒಮ್ಮೆಯಾದರೂ ಮಣ್ಣಿನ ಹಾದಿಯಲ್ಲಿ ಅದನ್ನು ಹಾಕಿ ಕೆಲ ಕಿಲೋಮೀಟರ್ ಓಡಿಸಬೇಕು.

ಟ್ರ್ಯಾಕ್ಟರ್ ಕೊಳ್ಳುವ ಮುನ್ನ ನೋಡಬಹುದಾದ ಒಂದು ದಾಖಲೆಯೂ ಇದೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಕೆಸರು ಗದ್ದೆಯಲ್ಲೂ ಓಡಿಸಿ, ಬಳಿಕ ಸೀಲುಗಳೊಳಗೆ ನೀರು, ಮಣ್ಣು ಹೊಕ್ಕಿದೆಯೇ ಎಂದು ಪರಿಶೀಲಿಸಿ ವರದಿ ನೀಡುತ್ತದೆ. ಭತ್ತದ ಸೀಮೆಯ ರೈತರಿಗೆ ಅಶ್ವಶಕ್ತಿಯ ಅಂಕಿಗಿಂತ ಈ ಪುಟ ಹೆಚ್ಚು ಉಪಯುಕ್ತ.

ವಾರಂಟಿ ಅವಧಿಯಲ್ಲೇ ಬೇರಿಂಗ್ ಹೋದಾಗ ‘ನೀರು ಹೊಕ್ಕಿದೆ, ಬಳಕೆದಾರರ ನಿರ್ಲಕ್ಷ್ಯ’ ಎಂಬ ಉತ್ತರ ಬರುವ ಸಾಧ್ಯತೆ ಇದ್ದೇ ಇದೆ. ಎಣ್ಣೆ ಬದಲಿಸಿದ ರಸೀದಿ, ಸರ್ವಿಸ್ ಪುಸ್ತಕದ ನಮೂದು, ಬಿಚ್ಚಿದ ಭಾಗಗಳ ಛಾಯಾಚಿತ್ರ ಇದ್ದರೆ ಮಾಲೀಕನ ವಾದಕ್ಕೆ ಬಲ ಬರುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಜೀವನೋಪಾಯಕ್ಕಾಗಿ ಸ್ವತಃ ದುಡಿಯಲು ಕೊಂಡ ವಾಹನವನ್ನು ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿ ಎಂದು ಪರಿಗಣಿಸುವುದಿಲ್ಲ. ಒಂದೇ ಟ್ರ್ಯಾಕ್ಟರ್ ನಂಬಿ ಬದುಕುವ ರೈತನಿಗೂ ಒಂದೇ ಪಿಕಪ್ ಓಡಿಸುವ ಚಾಲಕ–ಮಾಲೀಕನಿಗೂ ಈ ಅಂಶ ತಿಳಿದಿರುವುದು ಅಗತ್ಯ.